ಕದ್ರಾದ ನೀರು, ನಾಲ್ವರ ಲೆಕ್ಕ

ಕಾಳೀ ನದಿಯ ನೀರು ಕಡಲನ್ನು ಸೇರುವ ಮುನ್ನ ಹಲವು ಬಾರಿ ದುಡಿಯುತ್ತದೆ. ಸೂಪಾ, ನಾಗಝರಿ, ಕೊಡಸಳ್ಳಿಗಳಲ್ಲಿ ಚಕ್ರಗಳನ್ನು ತಿರುಗಿಸಿದ ಮೇಲೆ ಅದು ಕಾರವಾರ ತಾಲ್ಲೂಕಿನ ಕದ್ರಾಕ್ಕೆ ಬರುತ್ತದೆ. ಇಲ್ಲಿ ತಲಾ 50 ಮೆಗಾವಾಟ್ ಸಾಮರ್ಥ್ಯದ ಮೂರು ಯಂತ್ರಗಳಿವೆ. ಇವುಗಳಲ್ಲೊಂದು ಪೂರ್ಣವಾಗಿ ದುಡಿಯಲು ಸೆಕೆಂಡಿಗೆ ಎಷ್ಟು ನೀರು ಬೇಕು?

ಈ ಪ್ರಶ್ನೆಯನ್ನು ನಾಲ್ವರು ವಿದ್ಯಾರ್ಥಿಗಳಿಗೆ ಕೊಟ್ಟರೆ ಸಾಮಾನ್ಯವಾಗಿ ಜಾಣನೊಬ್ಬನು ಲೆಕ್ಕ ಮಾಡುತ್ತಾನೆ. ಉಳಿದ ಮೂವರು ನಕಲು ಮಾಡಿಕೊಳ್ಳುತ್ತಾರೆ. ಇದು ಗುಂಪೇ ಹೊರತು ಸಹಕಾರವಲ್ಲ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗಗಳ ಮಕ್ಕಳು ಒಂದೇ ತರಗತಿಗೆ ಬಂದು ಪರಸ್ಪರ ದ್ವೇಷಿಸುತ್ತಿದ್ದಾಗ, ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್‌ರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಪಾಠವನ್ನು ತುಂಡುಗಳಾಗಿ ವಿಭಾಗಿಸಿ, ಒಬ್ಬೊಬ್ಬರಿಗೆ ಒಂದೊಂದನ್ನು ವಹಿಸುವುದು. ಪ್ರತಿಯೊಬ್ಬನೂ ತನ್ನ ತುಂಡನ್ನು ಉಳಿದವರಿಗೆ ಕಲಿಸುವುದು. ಆಗ ಯಾರನ್ನೂ ಕಡೆಗಣಿಸುವಂತಿಲ್ಲ.

ಕದ್ರಾದ ಪ್ರಶ್ನೆಯನ್ನು ಹೀಗೆಯೇ ಹಂಚೋಣ. ನೀರು ಬೀಳುವ ಎತ್ತರವನ್ನು ಲೆಕ್ಕದ ಮಟ್ಟಿಗೆ 30 ಮೀಟರ್ ಎಂದಿಟ್ಟುಕೊಳ್ಳಬಹುದು.

ಮೊದಲನೆಯವನು ಒಂದು ಘನಮೀಟರ್ ನೀರಿನ ಶಕ್ತಿಯನ್ನು ಕಂಡುಹಿಡಿಯಲಿ: 1000 × 9.8 × 30 = 2,94,000 ಜೌಲ್. ಎರಡನೆಯವಳು ಯಂತ್ರದಲ್ಲಾಗುವ ನಷ್ಟವನ್ನು ವಿಚಾರಿಸಲಿ. ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ವಿದ್ಯುತ್ತಾಗುವುದೆಂದರೆ ಉಳಿಯುವುದು 2,64,600 ಜೌಲ್. ಮೂರನೆಯವನು 50 ಮೆಗಾವಾಟ್ ಎಂದರೆ ಸೆಕೆಂಡಿಗೆ 5 ಕೋಟಿ ಜೌಲ್ ಎಂಬುದನ್ನು ತಿಳಿಸಲಿ. ನಾಲ್ಕನೆಯವಳು, 1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ವಿವರಿಸಲಿ: ಹೆಚ್ಚು ವಿದ್ಯುತ್ತನ್ನು ಸೆಳೆದಷ್ಟೂ ಯಂತ್ರವನ್ನು ತಿರುಗಿಸುವುದು ಕಷ್ಟವಾಗುತ್ತದೆ, ಆದುದರಿಂದಲೇ ಹೆಚ್ಚು ನೀರು ಬೇಕು.

ಪಾಠವನ್ನೊಪ್ಪಿಸುವ ಮುನ್ನ, ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗವನ್ನು ಪಡೆದವರು ಒಟ್ಟುಗೂಡಿ ಚರ್ಚಿಸತಕ್ಕದ್ದು. ಅಲ್ಲಿ ಸಂದೇಹಗಳು ಪರಿಹಾರವಾದ ಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಕಲಿಸಬೇಕು.

ಈಗ ಭಾಗಿಸಿದರೆ ದೊರೆಯುವ ಉತ್ತರ, ಸೆಕೆಂಡಿಗೆ ಸುಮಾರು 189 ಘನಮೀಟರ್. ಎರಡನೆಯವಳು ತನ್ನ ಕೆಲಸವನ್ನು ಉಪೇಕ್ಷಿಸಿದ್ದರೆ 170 ಎಂದೇ ಬರುತ್ತಿತ್ತು. ಆ ಲೆಕ್ಕವನ್ನು ನಂಬಿ ನೀರು ಬಿಟ್ಟರೆ ದೊರೆಯುವುದು 50 ಅಲ್ಲ, ಸುಮಾರು 45 ಮೆಗಾವಾಟ್ ಮಾತ್ರ. ಒಬ್ಬರ ಅಲಕ್ಷ್ಯದಿಂದ ನಾಲ್ವರ ಉತ್ತರವೂ ಕೆಡುತ್ತದೆ.

ಇನ್ನೊಂದು ನಿಯಮವನ್ನು ಮರೆಯಕೂಡದು. ಕೂಡಿ ಕಲಿತ ಮೇಲೆ ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯಬೇಕು. ಎತ್ತರ 25 ಮೀಟರಿಗೆ ಇಳಿದರೆ ಎಷ್ಟು ನೀರು ಬೇಕೆಂದು ನಾಲ್ವರೂ ಪ್ರತ್ಯೇಕವಾಗಿ ಹೇಳಬಲ್ಲರಾದರೆ, ಆ ಗುಂಪು ನಿಜವಾಗಿ ಕಲಿತಿದೆಯೆಂದು ತಿಳಿಯಬಹುದು.