ಕಲ್ಲಣಬೆ ತರುವ ಮುನ್ನ, ಕೊಡೆ ಅಣಬೆ ಕೀಳುವ ಮುನ್ನ



ಗುಡುಗಿನೊಂದಿಗೆ ಮೊದಲ ಮಳೆ ಬಿದ್ದರೆ ಸಾಕು, ಅಲೆವೂರು, ಕಾಪು, ಕಾರ್ಕಳ ಕಡೆಯ ಹಾಡಿ-ಗುಡ್ಡೆಗಳಲ್ಲಿ ಕಲ್ಲಣಬೆಯ ಹುಡುಕಾಟ ಶುರು. ತುಳುವಿನಲ್ಲಿ ನಾವು ಕಲ್ಲಲಾಂಬು ಎನ್ನುವ ಇದಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯೂ ಇದೆ. ಬೆಳಿಗ್ಗೆ ಹುಲ್ಲಿಗೆಂದು ಗುಡ್ಡೆಗೆ ಹೋಗುವ ನಿಮ್ಮ ಕಣ್ಣಿಗೇ ಅಣಬೆ ಮೊದಲು ಬೀಳುವುದು. ಆದ್ದರಿಂದ ದನದ ಡಾಕ್ಟರಾದರೂ ಈ ಸಲ ಅಣಬೆಯ ವಿಷಯ ಬರೆಯುತ್ತಿದ್ದೇನೆ.

ಕುದಿಸಿದರೆ ವಿಷ ಹೋಗುವುದಿಲ್ಲ

ಹಾಲು ಕುದಿಸಿದರೆ ರೋಗಾಣು ಸಾಯುತ್ತವೆ. ಅಣಬೆಯಲ್ಲಿರುವುದು ರೋಗಾಣುವಲ್ಲ, ವಿಷ. ಬೂಸ್ಟು ಹಿಡಿದ ನೆಲಗಡಲೆ ಹಿಂಡಿಯನ್ನು ಬೇಯಿಸಿ ಹಾಕಿದರೂ ವಿಷ ಉಳಿಯುತ್ತದಲ್ಲ, ಇದೂ ಹಾಗೆಯೇ. ಬೆಳ್ಳಿ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ಬದಲಾಗುವುದು, ಅರಸಿನ ಹಾಕುವುದು ಯಾವುದೂ ಪರೀಕ್ಷೆಯಲ್ಲ. ಹುಳ ತಿಂದ ಅಣಬೆ ಒಳ್ಳೆಯದೆಂಬುದೂ ತಪ್ಪು. ಮನುಷ್ಯರಿಗೆ ವಿಷವಾದ ಅಣಬೆಯನ್ನೂ ಹುಳಗಳು ತಿನ್ನುತ್ತವೆ.

ಕಲ್ಲಣಬೆಯನ್ನು ಒಂದೊಂದಾಗಿ ಸೀಳಿ ನೋಡಿ

* ಎಳೆಯ ಕಲ್ಲಣಬೆ ಒಳಗೆಲ್ಲ ಒಂದೇ ಸಮ ಬಿಳಿಯಾಗಿ, ಗಟ್ಟಿಯಾಗಿರುತ್ತದೆ.
* ಒಳಗೆ ಕಪ್ಪು, ನೇರಳೆ ಅಥವಾ ಪುಡಿ ಇದ್ದರೆ ಎಸೆಯಿರಿ. ಬಲಿತದ್ದಿರಬಹುದು, ಬೇರೆ ಜಾತಿಯೂ ಇರಬಹುದು.
* ಮೇಲಿನಿಂದ ಕೆಳಕ್ಕೆ ಸೀಳಿದಾಗ ಒಳಗೆ ಮಡಚಿದ ಕೊಡೆಯ ಗುರುತು ಕಂಡರೆ ಅದು ಕಲ್ಲಣಬೆಯೇ ಅಲ್ಲ, ಇನ್ನೂ ಅರಳದ ಕೊಡೆ ಅಣಬೆ. ಪ್ರಾಣ ತೆಗೆಯುವ ಅಮಾನಿಟಾ ಗುಂಪಿನ ಅಣಬೆಗಳು ಎಳೆಯದಿರುವಾಗ ಹೀಗೇ ಉಂಡೆಯಾಗಿರುತ್ತವೆ.

ಕೊಡೆ ಅಣಬೆಯನ್ನು ಕತ್ತಿಯಿಂದ ಕೊಯ್ಯಬೇಡಿ

ಕೊಯ್ದರೆ ಮುಖ್ಯ ಗುರುತು ಮಣ್ಣಿನಲ್ಲೇ ಉಳಿಯುತ್ತದೆ. ಬುಡಸಮೇತ ಅಗೆದು ತೆಗೆಯಿರಿ. ಹುತ್ತದ ಅಣಬೆಗೆ ಬಾಲದಂತಹ ಉದ್ದನೆಯ ಬೇರು ಕೆಳಗಿಳಿದಿರುತ್ತದೆ. ಬುಡದಲ್ಲಿ ಚೀಲದಂತಹ ಪೊರೆ, ದಂಟಿನಲ್ಲಿ ಬಳೆ, ಕೊಡೆಯ ಅಡಿಯಲ್ಲಿ ಬಿಳಿ ಎಸಳು ಇದ್ದರೆ ಮುಟ್ಟದೆ ಬಿಡಿ. ಆದರೆ ಮಳೆಗೆ ಬಳೆ ಕಳಚಿ ಬೀಳಬಹುದು. ಈ ಗುರುತು ಇಲ್ಲ ಎಂದ ಮಾತ್ರಕ್ಕೆ ಅಣಬೆ ಒಳ್ಳೆಯದಾಗುವುದಿಲ್ಲ.

ಮೇವಿನ ಹುಲ್ಲಿನ ನಡುವೆ ಬಿಳಿ ಕೊಡೆ, ಮೇಲೆ ಕಂದು ಚಕ್ಕೆಗಳಿರುವ ದೊಡ್ಡ ಅಣಬೆ ಏಳುವುದುಂಟು. ಬಲಿತ ಮೇಲೆ ಅದರ ಎಸಳು ಹಸಿರಾಗುತ್ತದೆ. ಇದನ್ನು ತಿಂದರೆ 1ರಿಂದ 3 ಗಂಟೆಯೊಳಗೆ ಜೋರು ವಾಂತಿ-ಭೇದಿ.

ತಡವಾಗಿ ಬರುವ ವಾಂತಿಗೆ ಹೆಚ್ಚು ಹೆದರಿ

ಅಮಾನಿಟಾದ ವಿಷ ಮಾತ್ರ ತಿಂದ 6 ಗಂಟೆಯ ನಂತರ, ಕೆಲವೊಮ್ಮೆ ಮರುದಿನ ತೋರುತ್ತದೆ. ವಾಂತಿ-ಭೇದಿ ನಿಂತು ಒಂದು ದಿನ ಗುಣವಾದಂತೆ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮೂರು-ನಾಲ್ಕನೇ ದಿನಕ್ಕೆ ಕಣ್ಣು ಹಳದಿಯಾಗಿ ಜೀವಕ್ಕೇ ಅಪಾಯ. “ಈಗ ಆರಾಮಿದೆ” ಎಂದು ಮನೆಯಲ್ಲಿ ಉಳಿಯಬೇಡಿ.

ಅನುಮಾನ ಬಂದ ಕೂಡಲೇ 108ಕ್ಕೆ ಕರೆ ಮಾಡಿ, ಇಲ್ಲವೇ ಉಡುಪಿ-ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗಿ. ಅದೇ ಪದಾರ್ಥ ಉಂಡವರೆಲ್ಲರೂ, ಆರಾಮಾಗಿದ್ದವರೂ ಹೋಗಬೇಕು. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ, ಉಂಡ ಹೊತ್ತು ತಿಳಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಹಟ್ಟಿಯ ಕಡೆಗೂ ಗಮನವಿರಲಿ

ಬೇಡವೆಂದು ಬಿಸಾಡಿದ ಅಣಬೆ ದನದ ಬಾನಿಗೆ, ನಾಯಿಯ ಬಾಯಿಗೆ ಸಿಗದಂತೆ ಹೂತುಹಾಕಿ. ದನ ಅಣಬೆ ತಿಂದು ಜೊಲ್ಲು ಸುರಿಸಿದರೆ, ಭೇದಿಯಾದರೆ, ಮೇವು ಬಿಟ್ಟರೆ ಸಂಘದ ಮೂಲಕ ಕೂಡಲೇ ನಮಗೆ ತಿಳಿಸಿ.

ನೆನಪಿಡಿ: ಹೆಸರು ಹೇಳಿ ಖಚಿತವಾಗಿ ಗುರುತಿಸಲಾಗದ ಒಂದೇ ಒಂದು ಅಣಬೆಯೂ ಪಾತ್ರೆಗೆ ಬೀಳಬಾರದು. ಬುಟ್ಟಿಯಲ್ಲಿ ಅಂಥದ್ದೊಂದು ಸಿಕ್ಕರೆ ಉಳಿದವನ್ನೂ ಮತ್ತೊಮ್ಮೆ ಒಂದೊಂದಾಗಿ ಸೀಳಿ ನೋಡಿ.