ಅಂಗಡಿಯಲ್ಲಿ ಮಾತ್ರೆ ಗುರುತಿಸಲು ಮೊಬೈಲ್ ಬಳಸಿ



ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕೈಗೆತ್ತಿಕೊಂಡು ನೋಡದೆ ಯಾರೂ ಬೆಲೆ ಹೇಳುವುದಿಲ್ಲ. ಆದರೆ ಅದೇ ಜನ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆ ಶೀಟನ್ನು ತಿರುಗಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡು ಬರುತ್ತಾರೆ. ಕೇಳಿದರೆ, "ಅಕ್ಷರ ಸಣ್ಣದು ಸಿಸ್ಟರ್, ಅದೂ ಇಂಗ್ಲಿಷಿನಲ್ಲಿದೆ" ಎನ್ನುತ್ತಾರೆ. ಮಾತು ನಿಜ. ಆದರೆ ಅದನ್ನು ಓದಿಕೊಡುವ ಸಾಧನವೂ ಅದೇ ಜೇಬಿನಲ್ಲಿದೆ. ಅದೇ ನಿಮ್ಮ ಮೊಬೈಲ್.

ಹೆಸರು ಎರಡು, ಔಷಧಿ ಒಂದು

ಸಕ್ಕರೆ ಕಾಯಿಲೆ ಇರುವ ಅಜ್ಜಿಯೊಬ್ಬರನ್ನು ಒಂದು ಬೆಳಿಗ್ಗೆ ಮಗ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಪರೀಕ್ಷಿಸಿದರೆ ರಕ್ತದ ಸಕ್ಕರೆ ತೀರಾ ಇಳಿದಿತ್ತು. ಮನೆಯಿಂದ ಮಾತ್ರೆಗಳನ್ನು ತರಿಸಿ ನೋಡಿದೆವು. ಎರಡು ಶೀಟು, ಎರಡು ಬಣ್ಣ, ಎರಡು ಕಂಪನಿಯ ಹೆಸರು. ಎರಡರ ಒಳಗಿದ್ದದ್ದೂ ಗ್ಲಿಮೆಪಿರೈಡ್ ಎಂಬ ಒಂದೇ ಔಷಧಿ! ಹಳೆಯದು ಮುಗಿಯುವ ಮೊದಲೇ ಮಗ ಬೇರೆ ಅಂಗಡಿಯಿಂದ ಹೊಸದನ್ನು ತಂದಿದ್ದರು. ಅಜ್ಜಿ ಎರಡನ್ನೂ ನುಂಗುತ್ತಿದ್ದರು. ಸಕಾಲಕ್ಕೆ ಬಂದಿದ್ದರಿಂದ ಚೇತರಿಸಿಕೊಂಡರು.

ಶೀಟಿನ ಮೇಲೆ ದಪ್ಪಗೆ ಇರುವುದು ಸಾಮಾನ್ಯವಾಗಿ ಕಂಪನಿ ಇಟ್ಟ ಹೆಸರು. ಒಳಗಿರುವ ಔಷಧಿಯ ಹೆಸರನ್ನೂ ಜೊತೆಗೇ ಮುದ್ರಿಸಿರುತ್ತಾರೆ. ನೀವು ಗುರುತಿಸಬೇಕಾದದ್ದು ಆ ಹೆಸರನ್ನು.

ಮೊಬೈಲಿನಿಂದ ಮಾಡಬೇಕಾದದ್ದು

1. ಅಂಗಡಿಗೆ ಹೋಗುವ ಮೊದಲು ಹಳೆಯ ಶೀಟಿನ ಹಿಂಬದಿ ಮತ್ತು ವೈದ್ಯರ ಚೀಟಿ, ಇವೆರಡರ ಫೋಟೋ ತೆಗೆದುಕೊಳ್ಳಿ.

2. ಅಂಗಡಿಯಲ್ಲಿ ಹಣ ಕೊಡುವ ಮೊದಲೇ ಹೊಸ ಶೀಟಿನ ಫೋಟೋ ತೆಗೆದು, ಎರಡು ಬೆರಳಿನಿಂದ ಅಗಲಿಸಿ ದೊಡ್ಡದು ಮಾಡಿ ನೋಡಿ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಈ ಮೂರನ್ನು ಓದಿ. ಮೊದಲ ಎರಡು ಹಳೆಯ ಫೋಟೋಗೆ ಹೊಂದಬೇಕು. ಹೆಸರಿನ ಮುಂದೆ ಎಸ್.ಆರ್. ಅಥವಾ ಎಕ್ಸ್.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಮೆಟ್‌ಫಾರ್ಮಿನ್ 500 ಮತ್ತು ಮೆಟ್‌ಫಾರ್ಮಿನ್ 500 ಎಸ್.ಆರ್. ಒಂದೇ ಅಲ್ಲ.

3. ಇಂಗ್ಲಿಷ್ ಬಾರದವರು ಗೂಗಲ್ ಲೆನ್ಸ್ ತೆರೆದು ಶೀಟಿಗೆ ಹಿಡಿದರೆ ಬರಹ ಕನ್ನಡದಲ್ಲಿ ಕಾಣುತ್ತದೆ. ಆದರೆ ಔಷಧಿಯ ಹೆಸರು ಅನುವಾದದಲ್ಲಿ ಕೆಡಬಹುದು. ಹೆಸರನ್ನೂ ಅಂಕಿಗಳನ್ನೂ ಮೂಲದಲ್ಲೇ ಅಕ್ಷರಕ್ಕೆ ಅಕ್ಷರ ಹೋಲಿಸಿ.

4. ಕೆಲವು ಔಷಧಿಗಳ ಮೇಲೆ ಚುಕ್ಕಿಚುಕ್ಕಿಯ ಚೌಕ ಇರುತ್ತದೆ. ಅದು ಕ್ಯೂಆರ್ ಕೋಡ್. 2023ರ ಆಗಸ್ಟ್ 1ರಿಂದ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯವಾಗಿದೆ. ಡೋಲೊ, ಕ್ಯಾಲ್ಪಾಲ್, ಥೈರೋನಾರ್ಮ್ ಮುಂತಾದವು ಆ ಪಟ್ಟಿಯಲ್ಲಿವೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಔಷಧಿಯ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ತಿಳಿಯಬೇಕು. ಅದು ಶೀಟಿನ ಮುದ್ರಣಕ್ಕೆ ಹೊಂದದಿದ್ದರೆ ಮಾತ್ರೆ ನುಂಗಬೇಡಿ. ಬಿಲ್ಲಿನೊಂದಿಗೆ ಅಂಗಡಿಗೆ ಹಿಂತಿರುಗಿಸಿ, ವೈದ್ಯರಿಗೂ ತಿಳಿಸಿ.

5. ಖರ್ಚು ಹೆಚ್ಚೆನಿಸಿದರೆ 2019ರಲ್ಲಿ ಬಂದ ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ. ಹತ್ತಿರದ ಜನೌಷಧಿ ಕೇಂದ್ರ ಎಲ್ಲಿದೆ, ಅಲ್ಲಿ ಬೆಲೆ ಎಷ್ಟು ಎಂದು ತೋರಿಸುತ್ತದೆ. ಬ್ರಾಂಡ್ ಬದಲಿಸುವ ಮೊದಲು ವೈದ್ಯರನ್ನು ಕೇಳಿ.

ದಿನಸಿ ಅಂಗಡಿಯಲ್ಲಿ

ಬಿಸ್ಕೆಟ್, ಉಪ್ಪಿನಕಾಯಿ ಪೊಟ್ಟಣಗಳ ಮೇಲಿನ ಗೆರೆಗೆರೆಯ ಬಾರ್ ಕೋಡ್ ಬಿಲ್ ಮಾಡಲು ಇರುವ ಗುರುತಿನ ಸಂಖ್ಯೆ ಮಾತ್ರ. ಸಾಮಾನ್ಯವಾಗಿ ಅದರಲ್ಲಿ ಅವಧಿಯ ದಿನಾಂಕ ಇರುವುದಿಲ್ಲ. ಅದು 890ರಿಂದ ಶುರುವಾದರೆ ಸಂಖ್ಯೆಯನ್ನು ಭಾರತದಲ್ಲಿ ನೀಡಲಾಗಿದೆ ಎಂದಷ್ಟೇ ಅರ್ಥ. ವಸ್ತು ಇಲ್ಲೇ ತಯಾರಾಯಿತು, ಒಳ್ಳೆಯದು ಎಂದಲ್ಲ. ಬಿ.ಪಿ. ಇರುವವರು ಪೊಟ್ಟಣದ ಹಿಂದಿನ ಕೋಷ್ಟಕದ ಫೋಟೋ ತೆಗೆದು ದೊಡ್ಡದು ಮಾಡಿ ಸೋಡಿಯಂ ಎಷ್ಟಿದೆ ನೋಡಿ. ಶುಗರ್ ಇರುವವರು ಸಕ್ಕರೆಯ ಜೊತೆಗೆ ಒಟ್ಟು ಕಾರ್ಬೋಹೈಡ್ರೇಟನ್ನೂ ನೋಡಿ. "ಶುಗರ್ ಫ್ರೀ" ಬಿಸ್ಕೆಟ್‌ನಲ್ಲೂ ಮೈದಾ ಇರಬಹುದು. ಮೈದಾ ಕೂಡ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ.

ಎಚ್ಚರಿಕೆ

• ಔಷಧಿಯ ವಿವರ ತಿಳಿಯಲು ಓಟಿಪಿ, ಬ್ಯಾಂಕ್ ಸಂಖ್ಯೆ, ಹಣ ಯಾವುದೂ ಬೇಕಿಲ್ಲ. ಕೋಡ್ ತೆರೆದಾಗ ಹಾಗೆ ಕೇಳಿದರೆ ಕೂಡಲೇ ಮುಚ್ಚಿಬಿಡಿ.
• ಹೆಸರು ಮತ್ತು ಅವಧಿ ಮುದ್ರಿಸಿದ ತುದಿಯನ್ನು ಕತ್ತರಿಸಬೇಡಿ. ಮಾತ್ರೆಯನ್ನು ಇನ್ನೊಂದು ತುದಿಯಿಂದ ಬಿಡಿಸಿ.
• ಮೊಬೈಲ್ ಹೆಸರು ಹೇಳುತ್ತದೆ. ನಿಮಗೆ ಎಷ್ಟು, ಯಾವಾಗ ಎಂದು ಹೇಳಬೇಕಾದವರು ವೈದ್ಯರು.
• ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ಗಾಬರಿ ಕಂಡರೆ, ಎಚ್ಚರವಿದ್ದು ನುಂಗಲು ಆಗುವುದಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಕ್ಯಾಮೆರಾ ಇರುವ ಮೊಬೈಲ್ ಇಲ್ಲದವರು ಬೇಸರ ಪಡಬೇಕಿಲ್ಲ. ಹಳೆಯ ಶೀಟನ್ನೇ ಅಂಗಡಿಗೆ ಒಯ್ದು, ಅಂಗಡಿಯವರಿಂದಲೇ ಔಷಧಿಯ ಹೆಸರನ್ನು ಓದಿಸಿಕೊಳ್ಳಿ. ಇಂದು ಸಂಜೆ ಮನೆಯಲ್ಲಿರುವ ಎಲ್ಲ ಶೀಟುಗಳನ್ನು ಒಂದೆಡೆ ಇಟ್ಟು, ಒಂದೇ ಔಷಧಿ ಎರಡು ಹೆಸರಿನಲ್ಲಿ ಇದೆಯೇ ನೋಡಿ. ಇದ್ದರೆ ಎರಡನ್ನೂ ಒಟ್ಟಿಗೆ ನುಂಗದೆ, ಯಾವುದನ್ನು ತೆಗೆದುಕೊಳ್ಳಬೇಕೆಂದು ಅಂದೇ ಕೇಳಿ ತಿಳಿಯಿರಿ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಅವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ. ಜೊತೆಗೆ ಕುಳಿತು ನೋಡೋಣ.