ಕ್ಯಾಶೋ, ಕ್ಯಾಚೆಯೋ? ಓದಿ ಕಲಿತ ಪದವನ್ನು ಬಾಯಿಗೆ ತರೋದು ಹೇಗೆ

ಸಿ, ಎ, ಸಿ, ಎಚ್, ಇ. ಈ ಐದು ಅಕ್ಷರ ಸೇರಿದರೆ ಏನಂತ ಓದ್ತೀರಾ? ನಮ್ಮ ಕ್ಲಾಸಲ್ಲಿ ಕೇಳಿದರೆ ಕ್ಯಾಚ್, ಕ್ಯಾಚೆ, ಕ್ಯಾಶೆ, ಕ್ಯಾಶ್ ಅಂತ ನಾಲ್ಕು ಉತ್ತರ ಸಿಗುತ್ತೆ. ನಿಘಂಟಿನಲ್ಲಿ ಇರೋದು ಕ್ಯಾಶ್, ದುಡ್ಡಿನ ಕ್ಯಾಶ್ ತರಾನೇ. ಪದ ಬಂದಿರೋದು ಫ್ರೆಂಚಿನಿಂದ, ಬಚ್ಚಿಡೋದು ಅನ್ನೋ ಅರ್ಥದ ಕ್ರಿಯಾಪದದಿಂದ. ಪ್ರೊಸೆಸರ್ ಪಕ್ಕದಲ್ಲೇ ಡೇಟಾ ಬಚ್ಚಿಡೋ ಮೆಮೊರಿಗೆ ಒಳ್ಳೇ ಹೆಸರು.

'ಬಸ್' ಪದವನ್ನು ಹೇಗೆ ಹೇಳಬೇಕು ಅಂತ ಯಾರೂ ವಾದ ಮಾಡಲ್ಲ. ಅದು ಕಿವಿಯಿಂದ ಬಂದ ಪದ. ಕ್ಯಾಶ್ ಅಂಥವು ಕಣ್ಣಿನಿಂದ ಬಂದವು. ಪುಸ್ತಕದಲ್ಲಿ ನೂರು ಸಲ ಕಂಡಿರುತ್ತೆ, ಕಿವಿಗೆ ಒಂದು ಸಲವೂ ಬಿದ್ದಿರಲ್ಲ. ಹಾಗಾಗಿ ಯಾರಾದರೂ ಇಂಥ ಪದವನ್ನು ತಪ್ಪಾಗಿ ಹೇಳಿದರೆ ಒಂದು ವಿಷಯ ಖಾತ್ರಿ: ಅವರು ಅದನ್ನು ಓದಿದ್ದಾರೆ.

ಅಕ್ಷರ ಯಾಕೆ ಕೈಕೊಡುತ್ತೆ?

ಮೊದಲ ಕಾರಣ ಇತಿಹಾಸ. ಹಳಗನ್ನಡದಲ್ಲಿ ಪಾಲ್, ಪೂ, ಪಳ್ಳಿ ಅಂತಿದ್ದವು. ಮಾತಿನಲ್ಲಿ ಪಕಾರ ಹೋಗಿ ಹಕಾರ ಬಂದಮೇಲೆ ಬರೆಯೋದನ್ನೂ ಹಾಲು, ಹೂ, ಹಳ್ಳಿ ಅಂತ ಬದಲಾಯಿಸಿಕೊಂಡೆವು. ಇಂಗ್ಲಿಷಿನಲ್ಲಿ ಎಷ್ಟೋ ಕಡೆ ಹಾಗಾಗಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದದ್ದು 1476ರಲ್ಲಿ. ಅಚ್ಚು ಹರಡಿದಂತೆ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು, ಉಚ್ಚಾರಣೆ ಮಾತ್ರ ಬದಲಾಗ್ತಾನೇ ಹೋಯಿತು. ಕುದುರೆ ಏರಿದ ಯೋಧನ 'ನೈಟ್' ಪದದ ಶುರುವಿನ ಕೆ ಈಗ ಸುಮ್ಮನೆ ಕೂತಿದೆ. ಒಂದು ಕಾಲದಲ್ಲಿ ಅದನ್ನು ನಿಜವಾಗಿ ಹೇಳ್ತಿದ್ದರು.

ಎರಡನೇ ಕಾರಣ ಪಂಡಿತರು. 'ಡೆಟ್' ಅಂದರೆ ಸಾಲ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಬಿ ಇದೆ ಅಂತ ಆಮೇಲೆ ಸೇರಿಸಿದರು. ಎಲೆಕ್ಟ್ರಾನಿಕ್ಸ್ ಲ್ಯಾಬಿನ 'ಸೋಲ್ಡರ್' ಕಥೆಯೂ ಇದೇ. ಅದರ ಎಲ್ ಕೂಡ ಲ್ಯಾಟಿನ್ ನೆನಪಿನಲ್ಲಿ ವಾಪಸ್ ಬಂದದ್ದು. ಬ್ರಿಟನ್ನಿನಲ್ಲಿ ಅದು ಬಾಯಿಗೂ ಬಂತು, ಅಲ್ಲಿ ಸೋಲ್ಡರ್ ಅಂತಾರೆ. ಅಮೆರಿಕದಲ್ಲಿ ಎಲ್ ಬರೀತಾರೆ, ಹೇಳೋದು ಸಾಡರ್. ಯೂಟ್ಯೂಬ್ ನೋಡಿ ಕಲಿತವನಿಗೂ ಪುಸ್ತಕ ನೋಡಿ ಕಲಿತವನಿಗೂ ಜಗಳ ಬರೋದು ಇಲ್ಲೇ. ಇಬ್ಬರೂ ಸರಿ.

ಮೂರನೇ ಕಾರಣ ಹೆಸರುಗಳು. ಯೂಕ್ಲಿಡ್ ಸರಿ, ಆದರೆ ಯೂಲರ್ ಅಲ್ಲ, ಆಯ್ಲರ್. ಎರಡೂ ಇ-ಯು ಅಕ್ಷರದಿಂದಲೇ ಶುರುವಾಗುತ್ತೆ. ಯೂಕ್ಲಿಡ್ ಗ್ರೀಕ್ ಹೆಸರು, ಲ್ಯಾಟಿನ್ ದಾರಿಯಲ್ಲಿ ಬಂದು ಇಂಗ್ಲಿಷಿನದೇ ಆಗಿಬಿಟ್ಟಿದೆ. ಆಯ್ಲರ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1707ರಲ್ಲಿ ಹುಟ್ಟಿದವರು. ಜರ್ಮನ್ನಿನಲ್ಲಿ ಆ ಎರಡು ಅಕ್ಷರ ಸೇರಿದರೆ 'ಆಯ್'. ಪ್ವಾಸೋನ್ ಫ್ರೆಂಚ್ ಹೆಸರು, ಡೈಕ್‌ಸ್ಟ್ರಾ ಡಚ್ ಹೆಸರು. ಇವಕ್ಕೆ ಇಂಗ್ಲಿಷ್ ನಿಯಮ ಹಾಕಿದರೆ ಕೆಲಸ ಕೆಡುತ್ತೆ.

ಕನ್ನಡದಲ್ಲಿ ಬರೆದಂತೆ ಓದ್ತೀವಿ ಅಂತ ನಾವು ಹೆಮ್ಮೆಯಿಂದ ಹೇಳ್ಕೋತೀವಿ. ಮುಕ್ಕಾಲುವಾಸಿ ನಿಜ. ಆದರೆ 'ಚಿಹ್ನೆ' ಅಂತ ಜೋರಾಗಿ ಹೇಳಿ ನೋಡಿ. ಹೆಚ್ಚಿನವರ ಬಾಯಲ್ಲಿ ಅದು 'ಚಿನ್ಹೆ'. ಬರೆಯೋದು 'ಬ್ರಹ್ಮ', ಹೇಳೋದು 'ಬ್ರಮ್ಹ'. ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಯಾಕಂದ್ರೆ ಇವು ನಮಗೆ ಕಿವಿಯಿಂದ ಬಂದಿವೆ.

ಬೂದಿಗೆರೆಯನ್ನೇ ತಗೊಳ್ಳಿ

ಇದೇ ಸಮಸ್ಯೆ ತಿರುಗುಮುರುಗಾಗಿ ನಮ್ಮ ಪಕ್ಕದಲ್ಲೇ ಇದೆ. ಬೂದಿಗೆರೆ ಅಂತ ಕನ್ನಡದ ಬೋರ್ಡಿನಲ್ಲಿದ್ದರೆ ಒಂದೇ ಥರ ಓದಬಹುದು. ಇಂಗ್ಲಿಷ್ ಬೋರ್ಡಿನಲ್ಲಿ ಬಿ ಆದಮೇಲೆ ಒಂದು ಯು ಹಾಕಿದರೆ ಬು, ಬೂ ಯಾವುದು ಅಂತ ಗೊತ್ತಾಗಲ್ಲ. ಡಿ ಹಾಕಿದರೆ ದಿ, ಡಿ ಯಾವುದು ಅಂತ ಗೊತ್ತಾಗಲ್ಲ. ಕೊನೆಯ ಇ ಹೇಳಬೇಕಾ ಬಿಡಬೇಕಾ ಅನ್ನೋದೂ ಗೊತ್ತಾಗಲ್ಲ. ಉತ್ತರದಿಂದ ಬಂದ ನಮ್ಮ ಫ್ರೆಂಡ್ಸ್ 'ಬುಡಿಗೇರ್' ಅನ್ನೋದು ಅದಕ್ಕೇ.

ಅವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ನಮಗೆ ಹೇಳದೇ ಗೊತ್ತು: ಆ 'ಗೆರೆ' ಅಂದರೆ ಕೆರೆ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತಲ್ಲ, ಅದೇ ಆದೇಶ ಸಂಧಿ. ಕಕಾರದ ಜಾಗಕ್ಕೆ ಗಕಾರ ಬರುತ್ತೆ. ಬುಡಿಗೇರ್ ಅಂದವರನ್ನು ನಾವು ದಡ್ಡರು ಅನ್ನಲ್ಲ. 'ಬೂದಿಗೆರೆ ಕಣೋ' ಅಂತ ಒಂದು ಸಲ ಹೇಳ್ತೀವಿ, ಮುಂದಕ್ಕೆ ಹೋಗ್ತೀವಿ. ಇಂಗ್ಲಿಷ್ ಪದದ ವಿಷಯಕ್ಕೆ ಬಂದಾಗ ಮಾತ್ರ ಈ ಔದಾರ್ಯ ಎಲ್ಲಿ ಹೋಗುತ್ತೋ ಗೊತ್ತಿಲ್ಲ.

ಇಂಗ್ಲಿಷಿನವರಿಗೇ ಒಮ್ಮತ ಇಲ್ಲ

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೆಸರಾಂತ ಇಂಗ್ಲಿಷ್ ನಿಘಂಟು ತಂದರು. ಅದರ ಯೋಜನೆ ಪ್ರಕಟವಾದಾಗ 'ಗ್ರೇಟ್' ಪದದ ಬಗ್ಗೆ ಇಬ್ಬರು ಅವರಿಗೆ ಅಭಿಪ್ರಾಯ ತಿಳಿಸಿದ್ದರಂತೆ. ಅದು 'ಸ್ಟೇಟ್'ಗೆ ಪ್ರಾಸ ಆಗಬೇಕು ಅಂದರು ಲಾರ್ಡ್ ಚೆಸ್ಟರ್‌ಫೀಲ್ಡ್. ಇಲ್ಲ, 'ಸೀಟ್'ಗೆ ಆಗಬೇಕು ಅಂದರು ಸರ್ ವಿಲಿಯಂ ಯಂಗ್. ಜಾನ್ಸನ್ ಲೆಕ್ಕದಲ್ಲಿ ಒಬ್ಬರು ಮೇಲ್ಮನೆಯ ಅತ್ಯುತ್ತಮ ಮಾತುಗಾರ, ಇನ್ನೊಬ್ಬರು ಕೆಳಮನೆಯ ಅತ್ಯುತ್ತಮ ಮಾತುಗಾರ. ಇನ್ನು ಯಾರನ್ನು ಕೇಳೋದು?

ನಮ್ಮ ಕಾಲದ ಜಗಳವೂ ಇದೆ. ಗಿಫ್ ಫೈಲ್ 1987ರಲ್ಲಿ ಬಂತು. ಅದನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ 2013ರಲ್ಲಿ ಪ್ರಶಸ್ತಿ ತಗೊಳ್ಳೋವಾಗ, ಅದು ಜಿಫ್, ಗಿಫ್ ಅಲ್ಲ ಅಂತ ಪರದೆ ಮೇಲೆ ತೋರಿಸಿದರು. ಜಗತ್ತು ಕೇಳಲಿಲ್ಲ. ನಿಘಂಟುಗಳು ಎರಡನ್ನೂ ಕೊಡುತ್ತವೆ. ಡೇಟಾಬೇಸ್ ಭಾಷೆಗೆ ಐಬಿಎಂನಲ್ಲಿ ಮೊದಲು ಇಟ್ಟ ಹೆಸರೇ ಸೀಕ್ವೆಲ್. ಟ್ರೇಡ್‌ಮಾರ್ಕ್ ತೊಂದರೆ ಬಂದು ಅದನ್ನು ಎಸ್‌ಕ್ಯೂಎಲ್ ಅಂತ ಮೊಟಕು ಮಾಡಿದರು. ಇವತ್ತು ಎರಡೂ ಚಾಲ್ತಿಯಲ್ಲಿವೆ.

ಹಾಗಂತ ಏನು ಹೇಳಿದರೂ ನಡೆಯುತ್ತಾ?

ಇಲ್ಲ. ಕೆಲವು ಕಡೆ ಉಚ್ಚಾರಣೆ ಅರ್ಥವನ್ನೇ ಬದಲಾಯಿಸುತ್ತೆ. ಮೈಕ್ರೋಮೀಟರ್ ಅಂದರೆ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ವರ್ಕ್‌ಶಾಪಿನಲ್ಲಿ ತಂತಿಯ ದಪ್ಪ ಅಳೆಯೋ ಉಪಕರಣ ಮೈಕ್ರಾಮಿಟರ್, ಒತ್ತು 'ಕ್ರಾ' ಮೇಲೆ. ಥರ್ಮಾಮಿಟರ್ ಕೂಡ ಇದೇ ಜಾತಿ. ನಾವು ದಿನಾ ಹೇಳೋ 'ಪ್ಯಾರಾಮೀಟರ್' ಕೂಡ ನಿಘಂಟಿನಲ್ಲಿ ಪ-ರ‍್ಯಾ-ಮಿ-ಟರ್. ಒತ್ತು ಎರಡನೇ ಭಾಗದ ಮೇಲೆ.

ನಮಗೆ ಎಡವಟ್ಟಾಗೋದು ಈ ಒತ್ತಿನಲ್ಲೇ. ಕನ್ನಡದಲ್ಲಿ ಸ್ವರದ ಉದ್ದ ಬದಲಾದರೆ ಪದವೇ ಬದಲಾಗುತ್ತೆ, ಒತ್ತಿನಿಂದ ಬದಲಾಗಲ್ಲ. ಇಂಗ್ಲಿಷಿನಲ್ಲಿ ಒತ್ತು ಸ್ಥಳ ಬದಲಾಯಿಸಿದರೆ ಕೇಳೋವರಿಗೆ ಪದ ಗುರುತೇ ಸಿಗದೆ ಹೋಗಬಹುದು. ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತೆ ಅಂತ ಹೈದರಾಬಾದಿನ ಆರ್. ಕೆ. ಬನ್ಸಾಲ್ ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದರು. ಅರ್ಥವಾಗದಿರೋ ಮುಖ್ಯ ಕಾರಣಗಳಲ್ಲಿ ಪದದ ಒತ್ತೂ ಒಂದು ಅಂತ ಅವರು ಕಂಡುಕೊಂಡರು. ಅಂದರೆ ಅಮೆರಿಕದ ಧಾಟಿ ಬಾಯಿಪಾಠ ಮಾಡೋಕಿಂತ ಒತ್ತು ಎಲ್ಲಿ ಅಂತ ನೋಡ್ಕೊಳ್ಳೋದು ಹೆಚ್ಚು ಉಪಯೋಗ.

ನಗುವಿನ ಬೆಲೆ

ಕಳೆದ ಸೆಮಿಸ್ಟರಿನ ಒಂದು ಸೆಮಿನಾರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ಹುಡುಗ ಇದೇ ವಿಷಯ ಆರಿಸಿಕೊಂಡಿದ್ದ. 'ಕ್ಯಾಚೆ ಮೆಮೊರಿ' ಅಂದ. ಹಿಂದಿನ ಬೆಂಚು ನಕ್ಕಿತು. ಅಲ್ಲಿಂದ ಅವನು ಆ ಪದ ಹೇಳಲೇ ಇಲ್ಲ, 'ದಿಸ್ ಮೆಮೊರಿ' ಅಂತಿದ್ದ. ಹಿಟ್ ರೇಶಿಯೋ ಲೆಕ್ಕವನ್ನು ಅವನೇ ಮಾಡಿ ತಂದಿದ್ದ. ಆ ಸ್ಲೈಡನ್ನು ಓದದೆ ದಾಟಿಸಿದ. ಹತ್ತು ನಿಮಿಷದ್ದು ನಾಲ್ಕು ನಿಮಿಷಕ್ಕೆ ಮುಗೀತು. ಅದೇ ವಾರ ಗಣಿತದ ಕ್ಲಾಸಲ್ಲಿ, ನಕ್ಕವರಲ್ಲೇ ಒಬ್ಬ 'ಯೂಲರ್ಸ್ ಫಾರ್ಮುಲಾ' ಅಂದ. ಯಾರೂ ನಗಲಿಲ್ಲ, ಯಾಕಂದ್ರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಪದದ ಉಚ್ಚಾರಣೆ ಕಲಿಯೋಕೆ ಹತ್ತು ಸೆಕೆಂಡು ಸಾಕು. ಆ ಹುಡುಗ ಮತ್ತೆ ಎದ್ದು ನಿಂತು ಮಾತಾಡೋಕೆ ಎಷ್ಟು ದಿನ ಬೇಕು? ನಾವು ಇಂಗ್ಲಿಷ್ ಮೀಡಿಯಂನವರು ಇದನ್ನು ಯೋಚನೆ ಮಾಡಬೇಕು. ನಮಗೆ ಆ ಪದ ಗೊತ್ತಿದ್ದರೆ ಎಲ್ಲೋ ಕಿವಿಗೆ ಬಿದ್ದಿತ್ತು ಅಷ್ಟೇ, ನಾವು ಹೆಚ್ಚು ಓದಿದ್ದೀವಿ ಅಂತಲ್ಲ.

ಮಾಡಬಹುದಾದ ನಾಲ್ಕು ಕೆಲಸ

1. ಸೆಮಿನಾರಿಗೆ, ವೈವಾಗೆ ಮುಂಚೆ ನೀವು ಓದಿದ್ದರೂ ಕೇಳದೇ ಇರೋ ಪದಗಳನ್ನು ಪಟ್ಟಿ ಮಾಡಿ. ಆನ್‌ಲೈನ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ. ಬ್ರಿಟಿಷ್, ಅಮೆರಿಕನ್ ಎರಡೂ ಇದ್ದರೆ ಒಂದನ್ನು ಆರಿಸ್ಕೊಳ್ಳಿ.

2. ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬಿಡಿಸಿ ಬರೆಯಿರಿ, ಒತ್ತು ಬೀಳೋ ಭಾಗಕ್ಕೆ ಅಡಿಗೆರೆ ಹಾಕಿ: ಹಿಸ್-ಟ-ರೀ-ಸಿಸ್, 'ರೀ' ಕೆಳಗೆ ಗೆರೆ. ನಮ್ಮ ಲಿಪಿ ಇದಕ್ಕೆ ಚೆನ್ನಾಗಿ ಒದಗುತ್ತೆ.

3. ವ್ಯಕ್ತಿಯ ಹೆಸರಾದರೆ ಅವರು ಯಾವ ಭಾಷೆಯವರು ಅಂತ ಮೊದಲು ನೋಡಿ.

4. ಬೇರೆಯವರು ತಪ್ಪು ಹೇಳಿದರೆ ತಡೆಯಬೇಡಿ. ಮಾತು ಮುಗಿದಮೇಲೆ ನಿಮ್ಮ ಪ್ರಶ್ನೆಯಲ್ಲಿ ಸರಿಯಾಗಿ ಬಳಸಿ: 'ಕ್ಯಾಶ್ ಸೈಜ್ ದೊಡ್ಡದು ಮಾಡಿದರೆ ಹಿಟ್ ರೇಶಿಯೋ ಯಾವಾಗಲೂ ಹೆಚ್ಚಾಗುತ್ತಾ?' ಹೇಳಿದವರಿಗೆ ಉಚ್ಚಾರಣೆ ಸಿಕ್ಕಿತು, ನಿಮಗೆ ಉತ್ತರ ಸಿಗುತ್ತೆ.